ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3: ಮುಂದಿನ ಸಸ್ಪೆನ್ಶನ್‌ಗೆ ಅಸಲಿ ಭಾಗ ಯಾವುದು, ಎಲ್ಲಿ ಸಿಗತದ?

ಉಣಕಲ್ 25:
ಗಾಡಿ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 3, 1296 ಸಿಸಿ, ಕಮಿಷನ್ ನಂಬರ್ (ಪ್ಲೇಟಿನ ಮೇಲಿನ ಗಾಡಿಯ ಕ್ರಮಸಂಖ್ಯೆ) ಎಫ್‌ಡಿ ಸರಣಿ. ಇರುವುದು ಹುಬ್ಬಳ್ಳಿಯಲ್ಲಿ. ಸ್ಪೀಡ್ ಬ್ರೇಕರ್ ಇಳಿಯುವಾಗ ಎಡ ಮುಂದಿನ ಗಾಲಿ ಕಡೆಯಿಂದ ಟಕ್ ಅಂತ ಸದ್ದು. ಗಾಡಿ ಎತ್ತಿ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಪ್ಲೇ (ಸಡಿಲು) ಕಾಣುತ್ತದೆ. ಸ್ಟೇರಿಂಗ್ ಬಲಕ್ಕೆ ತಿರುಗಿಸುವಾಗ ಬಿಗಿ, ಎಡಕ್ಕೆ ಸಲೀಸು.

ಬೇಕಾಗಿರುವುದು: ಟ್ರನಿಯನ್ (ಕೆಳಗಿನ ಕಂಚಿನ ತಿರುಗುವ ಕೀಲು) ಒಂದು ಜೋಡಿ, ವರ್ಟಿಕಲ್ ಲಿಂಕ್ (ಗಾಲಿಯನ್ನು ಹೊರುವ ನೆಟ್ಟನೆಯ ಉಕ್ಕಿನ ಭಾಗ) ಒಂದು ಜೋಡಿ, ಮೇಲಿನ ಬಾಲ್ ಜಾಯಿಂಟ್ ಎರಡು, ವಿಶ್‌ಬೋನ್ (ಚಾಸಿಯಿಂದ ಗಾಲಿ ಕಡೆ ಬರುವ ತೋಳು) ಬುಶ್ 8, ಮುಂದಿನ ಕಾಯಿಲ್ ಸ್ಪ್ರಿಂಗ್ ಮತ್ತು ಶಾಕ್ ಒಂದು ಜೋಡಿ. ಒಂದೇ ಭಾಗಕ್ಕೆ ಒಬ್ಬೊಬ್ಬರದು ಒಂದೊಂದು ರೇಟು, ಹೆಸರು ಮಾತ್ರ ಎಲ್ಲದಕ್ಕೂ ‘ಒರಿಜಿನಲ್’. ಯಾವುದನ್ನು ನಂಬಬೇಕು? ಯಾವುದನ್ನು ಇಲ್ಲೇ ಹುಬ್ಬಳ್ಳಿ-ಧಾರವಾಡದಲ್ಲಿ ಮಾಡಿಸಿಕೊಳ್ಳಬಹುದು? ತಿಳಿದವರು ವಿವರವಾಗಿ ಬರೆಯಿರಿ.

ಹಳೇಗಾಡಿ ಹುಬ್ಬಳ್ಳಿ:
ಭಾಗ ತರಸೂಕಿಂತ ಮೊದಲ ಯಾವುದು ಸವದೈತಿ ಅನ್ನೂದನ್ನ ಖಾತ್ರಿ ಮಾಡಿಕೋರಿ. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಗಾಡಿ ಎತ್ತರಿ, ಬರೇ ಜಾಕ್ ಮ್ಯಾಲೆ ಬಿಟ್ಟು ಕೈ ಹಾಕಬ್ಯಾಡ್ರಿ. ಒಬ್ಬರು ಗಾಲಿ ಮ್ಯಾಲೆ ಕೆಳಗ ಹಿಡದು ಅಲುಗಿಸಬೇಕು, ಇನ್ನೊಬ್ಬರು ಬ್ರೇಕ್ ಒತ್ತಿ ಹಿಡೀಬೇಕು. ಬ್ರೇಕ್ ಒತ್ತಿದಾಗ ಪ್ಲೇ ಹೋತಂದ್ರ ಅದು ವ್ಹೀಲ್ ಬೇರಿಂಗ್. ಹೋಗಲಿಲ್ಲಂದ್ರ ಟ್ರನಿಯನ್ ಇಲ್ಲಾ ಬಾಲ್ ಜಾಯಿಂಟ್. ಬೆರಳು ಬಾಲ್ ಜಾಯಿಂಟ್ ಮ್ಯಾಲೆ ಇಟ್ಟು ನೋಡ್ರಿ, ಆಮ್ಯಾಲೆ ಟ್ರನಿಯನ್ ಬೋಲ್ಟಿನ ಕಡೆ ಇಟ್ಟು ನೋಡ್ರಿ, ಎಲ್ಲಿ ಅಲುಗತೈತಿ ಅನ್ನೂದು ಬೆರಳಿಗೆ ಗೊತ್ತಾಕ್ಕತಿ. ಗಾಲಿ ಎಡಕ್ಕ ಬಲಕ್ಕ ಅಲುಗಿಸಿದಾಗ ಬರೂ ಪ್ಲೇ ಬ್ಯಾರೆ, ಅದು ಟೈ ರಾಡ್ ಎಂಡ್ ಇಲ್ಲಾ ಸ್ಟೇರಿಂಗ್ ರ‍್ಯಾಕಿಂದು.

ಒಂದ ಕಡೆ ತಿರುಗಿಸಿದಾಗ ಬಿಗಿ ಆಗೂದು ಸಾದಾ ಲಕ್ಷಣ ಅಲ್ಲರಿ. ವರ್ಟಿಕಲ್ ಲಿಂಕಿನ ಕೆಳಗಿನ ತುದಿಗೆ ಥ್ರೆಡ್ ಐತಿ, ಅದು ಕಂಚಿನ ಟ್ರನಿಯನ್ ಒಳಗ ಸ್ಕ್ರೂ ಆಗಿ ಕುಂತಿರತೈತಿ. ಸ್ಟೇರಿಂಗ್ ತಿರುಗಿಸಿದಾಗ ಆ ಥ್ರೆಡ್ ಮ್ಯಾಲೇ ಇಡೀ ಹಬ್ ತಿರಗತೈತಿ. ಒಳಗ ಎಣ್ಣಿ ಇಲ್ಲದ ತುಕ್ಕು ಹಿಡದ್ರ ಹಿಂಗ ಬಿಗಿ ಆಕ್ಕತಿ. ಈ ಗಾಡ್ಯಾಗ ಲಿಂಕ್ ಮುರಿಯೂದು ಟ್ರನಿಯನ್ನಿನ ಬಾಯಿ ಹತ್ತರನ, ಥ್ರೆಡ್ ಇರೂ ಜಾಗಾದಾಗ. ಮುರದ್ರ ಗಾಲಿ ಮಡಚಿಕೊಂಡು ಬೀಳತೈತಿ. ಬಿಚ್ಚಿ ನೋಡೂತನಕ ಬೈಪಾಸ್ ಮ್ಯಾಲೆ ಈ ಗಾಡಿ ಓಡಸಬ್ಯಾಡ್ರಿ.

ಇನ್ನ ‘ಒರಿಜಿನಲ್’ ಮಾತು. ಇದನ್ನ ಭಾಗದ ಪ್ರಕಾರ ಬಿಡಿಸಿ ನೋಡಬೇಕು. ಭಾರ ಹೊರೂ ಫೋರ್ಜಿಂಗ್ (ಕಾಸಿ ಬಡದು ಆಕಾರ ಕೊಟ್ಟ) ಉಕ್ಕು ಹಳೇ ಕಾಲದ ಕಂಪನಿ ಮಾಲಾದ್ರ ಛಲೋ. ರಬ್ಬರ್ ಇರೂದು ಏನಿದ್ರೂ ಹೊಸದ ಬೇಕು. ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿ ಭಾಗ ‘ಸ್ಟ್ಯಾನ್‌ಪಾರ್ಟ್’ ಹೆಸರಿನ ಡಬ್ಬ್ಯಾಗ ಬರತಿದ್ದವು, ಆಮ್ಯಾಲೆ ಬ್ರಿಟಿಷ್ ಲೇಲ್ಯಾಂಡ್ ಕಾಲಕ್ಕ ‘ಯೂನಿಪಾರ್ಟ್’ ಆತು. ಆ ಡಬ್ಬಿ ಸಿಕ್ಕು ಒಳಗ ವರ್ಟಿಕಲ್ ಲಿಂಕ್ ಇದ್ರ ರೊಕ್ಕ ಕೊಟ್ಟು ತಗೋರಿ. ಅದ ಡಬ್ಬ್ಯಾಗ ವಿಶ್‌ಬೋನ್ ಬುಶ್ ಇದ್ರ ಬಿಡ್ರಿ. ಐವತ್ತು ವರ್ಷದ ರಬ್ಬರ್ ಡಬ್ಬ್ಯಾಗ ಕುಂತರೂ ಗಟ್ಟಿ ಆಗಿ ಸೀಳು ಬಿಟ್ಟಿರತೈತಿ, ಹಾಕಿದ ಸ್ವಲ್ಪ ದಿನಕ್ಕ ಹರೀತೈತಿ.

ಉಣಕಲ್ 25:
ಬ್ರೇಕ್ ಒತ್ತಿ ನೋಡಲಾಯಿತು, ಪ್ಲೇ ಹಾಗೇ ಇದೆ. ಸ್ಟ್ಯಾಂಡ್ ಮೇಲೆ ಕೂರಿಸಿ ಎಡಬದಿಯದನ್ನು ಬಿಚ್ಚಿದ್ದಾಗಿದೆ. ಟ್ರನಿಯನ್ ಒಳಗೆ ಎಣ್ಣೆ ಇಲ್ಲ, ಒಣಗಿ ಗಟ್ಟಿಯಾದ ಗ್ರೀಸ್ ಮತ್ತು ಕೆಂಪು ಪುಡಿ. ಲಿಂಕಿನ ಥ್ರೆಡ್‌ನಲ್ಲಿ ಸಣ್ಣ ಸಣ್ಣ ಗುಳಿ ಕಾಣುತ್ತಿವೆ. ತೊಳೆದು ಮತ್ತೆ ಹಾಕಬಹುದೇ? ಬಲಬದಿಯದು ನೋಡಲು ಚೆನ್ನಾಗಿದೆ.

ಸಪ್ತಾಪುರ:
ಗುಳಿ ಬಿದ್ದ ಲಿಂಕ್ ಹಾಕಬೇಡಿ. ಪ್ರತಿ ಗುಳಿಯೂ ಬಿರುಕು ಹುಟ್ಟುವ ಜಾಗ. ಗಾಲಿ ಹಳ್ಳಕ್ಕೆ ಇಳಿದಾಗ, ಬ್ರೇಕ್ ಹಿಡಿದಾಗ, ತಿರುವಿನಲ್ಲಿ ಓರೆಯಾದಾಗ ಥ್ರೆಡ್ಡಿನ ಬುಡ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಆ ಬುಡ ಮೊದಲೇ ಚೂಪು, ಅಲ್ಲೊಂದು ತುಕ್ಕಿನ ಗುಳಿಯೂ ಸೇರಿದರೆ ಬಿರುಕು ಸುತ್ತಲೂ ಬೆಳೆಯುತ್ತದೆ. ಮುರಿದ ಲಿಂಕಿನ ತುದಿ ನೋಡಿದರೆ ಹೊರಭಾಗ ನುಣ್ಣಗೆ, ಕಪ್ಪಾಗಿ ಇರುತ್ತದೆ. ನಡುವಿನ ಒಂದಿಷ್ಟು ಮಾತ್ರ ಹೊಸದಾಗಿ ಹರಿದ ಹೊಳಪು. ಅಂದರೆ ಬಹಳ ದಿನದಿಂದ ಸೀಳುತ್ತಾ ಬಂದು ಕೊನೆಗೊಂದು ದಿನ ಮುರಿದಿದೆ ಅಂತ ಅರ್ಥ.

ಬಲಬದಿಯದನ್ನು ಕಣ್ಣಳತೆಯಲ್ಲಿ ಪಾಸ್ ಮಾಡಬೇಡಿ, ಬಿರುಕಿನ ಪರೀಕ್ಷೆ ಮಾಡಿಸಿ. ವೆಲ್ಡಿಂಗ್ ಸಾಮಾನಿನ ಅಂಗಡಿಗಳಲ್ಲಿ ಮೂರು ಸ್ಪ್ರೇ ಡಬ್ಬಿಗಳ ಡೈ ಪೆನೆಟ್ರೆಂಟ್ ಸೆಟ್ ಸಿಗುತ್ತದೆ: ಕ್ಲೀನರ್, ಕೆಂಪು ಬಣ್ಣ, ಬಿಳಿ ಡೆವಲಪರ್. ಸೀಮೆಎಣ್ಣೆಯಲ್ಲಿ ತೊಳೆದು, ಕ್ಲೀನರ್ ಹೊಡೆದು, ಪೂರ್ತಿ ಒಣಗಿಸಿ. ಮರಳು ಬ್ಲಾಸ್ಟಿಂಗ್ ಮಾಡಿಸಬೇಡಿ, ಬಿರುಕಿನ ಬಾಯಿಯೇ ಮುಚ್ಚಿಹೋಗುತ್ತದೆ. ಕೆಂಪು ಬಣ್ಣ ಹೊಡೆದು 15 ನಿಮಿಷ ಬಿಡಿ. ಆಮೇಲೆ ಕ್ಲೀನರ್ ಹಾಕಿದ ಬಟ್ಟೆಯಿಂದ ಒರೆಸಿ. ಕ್ಲೀನರನ್ನು ನೇರವಾಗಿ ಭಾಗದ ಮೇಲೆ ಹೊಡೆದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಡೆವಲಪರ್ ತೆಳ್ಳಗೆ ಹೊಡೆದು 10 ನಿಮಿಷ ಕಾಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಮೂಡುತ್ತದೆ.

ಆದರೆ ಥ್ರೆಡ್ ಜಾಗದಲ್ಲಿ ಈ ವಿಧಾನಕ್ಕೆ ಒಂದು ಕೊರತೆ ಇದೆ. ಥ್ರೆಡ್ಡಿನ ಪ್ರತಿ ಬುಡದಲ್ಲೂ ಬಣ್ಣ ಉಳಿದುಕೊಂಡು ಎಲ್ಲೆಲ್ಲೂ ಕೆಂಪು ಕಾಣುತ್ತದೆ, ನಿಜವಾದ ಬಿರುಕು ಅದರಲ್ಲಿ ಕಳೆದುಹೋಗುತ್ತದೆ. ಲಿಂಕ್ ಉಕ್ಕಿನದಾದ್ದರಿಂದ ಮ್ಯಾಗ್ನೆಟಿಕ್ ಪಾರ್ಟಿಕಲ್ ಪರೀಕ್ಷೆಯೇ (ಭಾಗವನ್ನು ಕಾಂತ ಮಾಡಿ, ಕಬ್ಬಿಣದ ಪುಡಿ ಬಿರುಕಿನ ಮೇಲೆ ಅಂಟುವುದನ್ನು ನೋಡುವುದು) ಸರಿ. ಫೋರ್ಜಿಂಗ್, ಕಾಸ್ಟಿಂಗ್ ಕೆಲಸ ಇರುವ ಕಡೆ ಇದನ್ನು ಮಾಡುವವರು ಇದ್ದೇ ಇರುತ್ತಾರೆ. ನಮ್ಮ ಕಡೆಯವರು ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆಗಳಲ್ಲಿ ವಿಚಾರಿಸಿ. ಇಲ್ಲವಾದರೆ ಬೆಳಗಾವಿಯ ಉದ್ಯಮಬಾಗ ಇದೆ. ಅವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ: ನಾವು ಹುಡುಕುತ್ತಿರುವುದು ಲಿಂಕಿಗೆ ಅಡ್ಡಲಾದ ಬಿರುಕು, ಆದ್ದರಿಂದ ಕಾಂತಕ್ಷೇತ್ರ ಲಿಂಕಿನ ಉದ್ದಕ್ಕೆ ಹರಿಯಬೇಕು. ಅಡ್ಡ ಹರಿಸಿದರೆ ಉದ್ದದ ಬಿರುಕು ಕಾಣುತ್ತದೆ, ನಮಗೆ ಬೇಕಾದದ್ದು ಕಾಣುವುದಿಲ್ಲ. ಪರೀಕ್ಷೆ ಮುಗಿದ ಮೇಲೆ ಡಿಮ್ಯಾಗ್ನೆಟೈಸ್ ಮಾಡಿಸಿ, ಇಲ್ಲದಿದ್ದರೆ ಟ್ರನಿಯನ್ ಒಳಗೆ ಕಬ್ಬಿಣದ ಪುಡಿ ಅಂಟಿಕೊಂಡು ಕೂರುತ್ತದೆ.

ಬೆಟಗೇರಿ ಲೇಥ್:
ಲೇಥ್ ಮ್ಯಾಲೆ ಏನ್ ಮಾಡಬಹುದು, ಏನ್ ಮಾಡಬಾರದು ಅಂತ ಹೇಳ್ತೀನ್ರಿ. ವರ್ಟಿಕಲ್ ಲಿಂಕ್ ಯಾರೂ ರಾಡಿನ್ಯಾಗ ತಿರುವಿ ಕೊಡಬಾರದು, ಮಾಡಿಸಿಕೊಳ್ಳಲೂಬಾರದು. ಅದು ಫೋರ್ಜ್ ಮಾಡಿದ್ದು. ಉಕ್ಕಿನ ಎಳಿ ಆಕಾರದ ಗುಂಟ ಬಾಗಿ ಹೋಗಿರತಾವ. ರಾಡಿನಿಂದ ಕೆತ್ತಿದ್ರ ಎಳಿ ಕಡದು ಹೋಗತಾವ. ಸವದ ಥ್ರೆಡ್ ಮ್ಯಾಲೆ ವೆಲ್ಡಿಂಗ್ ತುಂಬಿ ಮತ್ತ ಥ್ರೆಡ್ ಹೊಡಿಯೂದು ಇನ್ನೂ ಕೆಟ್ಟ ಕೆಲಸ. ವೆಲ್ಡ್ ಬದಿಗೆ ಉಕ್ಕು ಗಾಜಿನಂಗ ಆಗಿ ಅಲ್ಲೇ ಚಿಟಕ್ಕಂತ ಮುರೀತೈತಿ.

ಟ್ರನಿಯನ್ ಗನ್ ಮೆಟಲ್ ಬಾರಿನ್ಯಾಗ ಮಾಡಿ ಕೊಡತೀನಿ ಅನ್ನವರು ಸಿಗತಾರ. ಥ್ರೆಡ್ ಫಿಟ್ ಸರಿ ಬರಬೇಕಂದ್ರ ಗೇಜ್ ಬೇಕು, ಎಡ ಥ್ರೆಡ್ಡಿಗೆ ಬ್ಯಾರೆ, ಬಲ ಥ್ರೆಡ್ಡಿಗೆ ಬ್ಯಾರೆ. ಒಂದು ಜೋಡಿ ಸಲುವಾಗಿ ಅಷ್ಟೆಲ್ಲಾ ಮಾಡೂಕಿಂತ ತರಸೂದ ಸೋವಿ ಬೀಳತೈತಿ.

ಇಲ್ಲೇ ಮಾಡಿಸಬಹುದಾದದ್ದು: ಟ್ರನಿಯನ್ ಬೋಲ್ಟಿನ ಉಕ್ಕಿನ ಸ್ಲೀವ್, ವಾಶರ್, ಬುಶ್ ಒತ್ತೂ ಡ್ರಿಫ್ಟ್, ಪುಲ್ಲರ್. ಸ್ಲೀವ್ ಉದ್ದ ಬಾಳ ಮುಖ್ಯ. ಬೋಲ್ಟ್ ಬಿಗಿ ಮಾಡಿದಾಗ ವಿಶ್‌ಬೋನ್ ಎರಡೂ ಬದಿಯಿಂದ ಸ್ಲೀವನ್ನ ಹಿಡಕೊಂಡು ಕುಂದ್ರಬೇಕು, ಟ್ರನಿಯನ್ ಅದರ ಮ್ಯಾಲೆ ನೈಲಾನ್ ಬುಶ್‌ದಾಗ ತಿರಗಬೇಕು. ಸ್ಲೀವ್ ಗಿಡ್ಡ ಆತಂದ್ರ ಟ್ರನಿಯನ್ನ ಹಿಚಿಕಿ ಹಿಡೀತೈತಿ, ಗಾಲಿ ಮ್ಯಾಲೆ ಕೆಳಗ ಆಡೂದು ಬಿಗಿ ಆಗಿ ಬೋಲ್ಟ್ ಕಡೀತೈತಿ. ಹಳೇ ಸ್ಲೀವ್ ಸವದಿರಬಹುದು, ಅದರ ಅಳತಿ ತಗೋಬ್ಯಾಡ್ರಿ, ಹೊಸಾ ಕಿಟ್‌ನಾಗಿನ ಸ್ಲೀವ್ ಅಳತಿ ತಗೋರಿ.

ನಟ್ಟು ಬೋಲ್ಟು ಎಲ್ಲಾ ಯುಎನ್‌ಎಫ್ (ಇಂಚಿನ ಅಳತಿಯ ಸಣ್ಣ ಥ್ರೆಡ್). 5/16 ಮತ್ತ 3/8 ಇಂಚಿನ ಬೋಲ್ಟಿಗೆ ಪ್ರತಿ ಇಂಚಿಗೆ 24 ಥ್ರೆಡ್, 7/16 ಮತ್ತ 1/2 ಇಂಚಿನ ಬೋಲ್ಟಿಗೆ 20. 5/16 ಅಂದ್ರ 7.94 ಮಿಮೀ, ಹಂಗಾಗಿ 8 ಮಿಮೀ ನಟ್ಟು ಎರಡು ಸುತ್ತು ಸಲೀಸ ಹೋಗತೈತಿ, ಆಮ್ಯಾಲೆ ಬಿಗಿ. ಅಲ್ಲಿ ಪಾನಾ ಹಾಕಿ ಜಗ್ಗಿದ್ರ ಥ್ರೆಡ್ ಹೋತು. ತಲಿ ಮ್ಯಾಲೆ ಮೂರು ಗೆರಿ ಇದ್ರ ಗ್ರೇಡ್ 5, ಆರು ಇದ್ರ ಗ್ರೇಡ್ 8. ಏನೂ ಇಲ್ಲದ ಬೋಲ್ಟ್ ಸಸ್ಪೆನ್ಶನ್‌ಗೆ ಬ್ಯಾಡ. ನೈಲಾಕ್ (ಒಳಗ ನೈಲಾನ್ ಬಳಿ ಇರೂ) ನಟ್ಟು ಒಮ್ಮೆ ಬಿಚ್ಚಿದ್ದು ಮತ್ತ ಹಾಕಬಾರದು. ಪಾನಾ 7/16, 1/2, 9/16, 5/8, 3/4 ಇಂಚು ತಗೋರಿ. 3/4 ಇಂಚಿಗೆ 19 ಮಿಮೀ ನಡೀತೈತಿ, 1/2 ಇಂಚಿಗೆ 13 ಹಾಕಿದ್ರ ಮೂಲಿ ಸವೀತಾವ.

ಉಣಕಲ್ 25:
ಒಂದು ಪ್ರಶ್ನೆ. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಗಾಡಿಯ ಭಾಗ ಸ್ಪಿಟ್‌ಫೈರ್‌ಗೆ ಬರುತ್ತದೆ ಅನ್ನುತ್ತಾರೆ. ಎಷ್ಟರ ಮಟ್ಟಿಗೆ ನಿಜ?

ಹಳೇಗಾಡಿ ಹುಬ್ಬಳ್ಳಿ:
ಮೂಲ ಒಂದ ಐತ್ರಿ. ಸ್ಪಿಟ್‌ಫೈರ್ 1962ಕ್ಕ ಬಂದದ್ದ ಹೆರಾಲ್ಡ್ ಚಾಸಿಯ ಗಿಡ್ಡ ರೂಪದ ಮ್ಯಾಲೆ. ಹೆರಾಲ್ಡ್ ನಮ್ಮ ದೇಶದಾಗ 1961ರಿಂದ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಮಾಡತಿತ್ತು, ಆಮ್ಯಾಲೆ ಗ್ಯಾಝೆಲ್ ಬಂತು. ಮುಂದಿನ ಸಸ್ಪೆನ್ಶನ್ ರಚನಾ ಅದ: ಮ್ಯಾಲೆ ಬಾಲ್ ಜಾಯಿಂಟ್, ಕೆಳಗ ಟ್ರನಿಯನ್, ಶಾಕ್ ಸುತ್ತ ಕಾಯಿಲ್ ಸ್ಪ್ರಿಂಗ್. ಅದಕ್ಕ ಚೆನ್ನೈ, ಕೊಯಿಮತ್ತೂರು ಕಡೆ ಹಳೇ ಸ್ಪೇರ್ ಅಂಗಡಿ ಕಪಾಟಿನ್ಯಾಗ, ಇಲ್ಲೂ ಹಳೇ ಹುಬ್ಬಳ್ಳಿ ಗುಜರಿಯೊಳಗ ಹೆರಾಲ್ಡ್ ಹೆಸರಿಲೆ ಕೇಳೂದು ವ್ಯರ್ಥ ಅಲ್ಲ. ಸ್ಪಿಟ್‌ಫೈರ್ ಅಂದ್ರ ಅಂಗಡಿಯವರಿಗೆ ತಿಳಿಯೂದಿಲ್ಲ, ಹೆರಾಲ್ಡ್ ಅಂದ್ರ ಒಳಗಿಂದ ಡಬ್ಬಿ ತೆಗೀತಾರ.

ಆದ್ರ ಎಲ್ಲಾ ಅದಲು ಬದಲು ಆಗೂದಿಲ್ಲ. ಸ್ಪ್ರಿಂಗ್ ಮತ್ತ ಶಾಕ್ ಹೆರಾಲ್ಡಿಂದು ಹಾಕಬಾರದು, ಗಾಡಿ ಎತ್ತರ, ತೂಕ ಎರಡೂ ಬ್ಯಾರೆ. ಇಲ್ಲಿನ ಹೆರಾಲ್ಡಿಗೆ ಮುಂದ ಡ್ರಮ್ ಬ್ರೇಕ್, ಸ್ಪಿಟ್‌ಫೈರ್‌ಗೆ ಮೊದಲಿಂದ ಡಿಸ್ಕ್. ಹಂಗಾಗಿ ವರ್ಟಿಕಲ್ ಲಿಂಕ್ ತಗೋಳೂಮುಂದ ನಿಮ್ಮ ಹಳೇದನ್ನ ಕೈಯಾಗ ಹಿಡಕೊಂಡ ಹೋಗ್ರಿ: ಸ್ಟಬ್ ಆಕ್ಸಲ್ (ಗಾಲಿ ಬೇರಿಂಗ್ ಕುಂದ್ರೂ ಗೂಟ) ತೂತಿನ ಟೇಪರ್ (ತುದಿಗೆ ಕಿರಿದಾಗೂ ಓರೆ), ಕ್ಯಾಲಿಪರ್ ಬ್ರಾಕೆಟ್ ಬೋಲ್ಟಿನ ತೂತಿನ ಅಂತರ, ಕೆಳಗಿನ ಥ್ರೆಡ್ ದಪ್ಪ ಮತ್ತ ಉದ್ದ, ಮ್ಯಾಲೆ ಬಾಲ್ ಜಾಯಿಂಟ್ ಟೇಪರ್. ನಾಲ್ಕೂ ಒಂದಾದ್ರ ಮಾತ್ರ ರೊಕ್ಕ ಕೊಡ್ರಿ. ಕೆಳಗಿನ ವಿಶ್‌ಬೋನಿನ್ಯಾಗ ಆ್ಯಂಟಿ ರೋಲ್ ಬಾರ್ ಲಿಂಕ್ ಹಿಡಿಯೂ ಜಾಗಾ ಐತೇನು ಅದನ್ನೂ ನೋಡ್ರಿ.

ಇನ್ನೊಂದು. ಟ್ರನಿಯನ್ ಎಡ ಬಲ ಬ್ಯಾರೆ ಬ್ಯಾರೆ. ಬಲಬದಿಗೆ ಬಲ ಥ್ರೆಡ್, ಎಡಬದಿಗೆ ಎಡ ಥ್ರೆಡ್. ಅಂಗಡ್ಯಾಗ ಒಂದ ಬದಿಯವು ಎರಡು ಉಳದಿರತಾವ, ಜೋಡಿ ಅಂತ ಕೊಡತಾರ. ಅಲ್ಲೇ ಹಳೇ ಲಿಂಕಿಗೆ ತಿರುವಿ ನೋಡಿ ತಗೋರಿ.

ಹಾವೇರಿ 27:
ಇಂಗ್ಲೆಂಡಿನಿಂದ ತರಿಸುವ ವಿಚಾರ. ರಿಮ್ಮರ್ ಬ್ರದರ್ಸ್, ಮಾಸ್, ಕ್ಯಾನ್ಲಿ ಕ್ಲಾಸಿಕ್ಸ್ ಇವು ಟ್ರಯಂಫ್ ಭಾಗ ಮಾರುವ ಗೊತ್ತಿರುವ ಹೆಸರುಗಳು. ಆರ್ಡರ್ ಮಾಡುವಾಗ ಮಾಡೆಲ್ ವರ್ಷ ಹೇಳಿದರೆ ಸಾಲದು, ಪ್ಲೇಟಿನ ಮೇಲಿರುವ ಕಮಿಷನ್ ನಂಬರ್ ಪೂರ್ತಿ ಬರೆಯಿರಿ. ಭಾಗ ಎಲ್ಲಿಂದ ಬದಲಾಯಿತು ಅನ್ನುವುದನ್ನು ಪಾರ್ಟ್ಸ್ ಪುಸ್ತಕ ಹೇಳುವುದು ಆ ನಂಬರಿನ ಮೇಲೆ.

ವರ್ಟಿಕಲ್ ಲಿಂಕ್, ಶಾಕ್ ಇಂಥವುಗಳ ಬೆಲೆ ಕೆಲವು ಕಡೆ ‘ಎಕ್ಸ್‌ಚೇಂಜ್’ ಅಂತ ಹಾಕಿರುತ್ತಾರೆ. ಹಳೆಯದನ್ನು ವಾಪಸ್ ಕೊಟ್ಟರೆ ಮಾತ್ರ ಆ ಬೆಲೆ, ಇಲ್ಲದಿದ್ದರೆ ಮೇಲೆ ಡಿಪಾಸಿಟ್ ಬೀಳುತ್ತದೆ. ಇಲ್ಲಿಂದ ಹಳೇ ಉಕ್ಕು ವಾಪಸ್ ಕಳಿಸುವ ಖರ್ಚು ಡಿಪಾಸಿಟ್‌ಗಿಂತ ಜಾಸ್ತಿ ಬರಬಹುದು. ಮೊದಲೇ ಬರೆದು ನೇರ ಮಾರಾಟದ ಬೆಲೆ ಕೇಳಿ. ಅಲ್ಲಿನ ಬೆಲೆಯಲ್ಲಿ 20% ವ್ಯಾಟ್ ಸೇರಿದ್ದರೆ ಹೊರದೇಶಕ್ಕೆ ಕಳಿಸುವಾಗ ಅದನ್ನು ತೆಗೆಯುತ್ತಾರೆ, ಬಿಲ್ಲಿನಲ್ಲಿ ತೆಗೆದಿದ್ದಾರಾ ನೋಡಿಕೊಳ್ಳಿ.

ನಮ್ಮ ಕಸ್ಟಮ್ಸ್ ಸುಂಕ ಬರೀ ಭಾಗದ ಬೆಲೆ ಮೇಲೆ ಅಲ್ಲ, ಸಾಗಣೆ ಮತ್ತು ವಿಮೆ ಕೂಡಿಸಿದ ಮೊತ್ತದ ಮೇಲೆ. ಅದರ ಮೇಲೆ ಜಿಎಸ್‌ಟಿ. ಆದ್ದರಿಂದ ಭಾರದ ಸಾಮಾನು ವಿಮಾನದಲ್ಲಿ ತರಿಸಿದರೆ ಸಾಗಣೆಗೂ ಕೊಟ್ಟು, ಸಾಗಣೆಯ ಮೇಲಿನ ಸುಂಕವನ್ನೂ ಕೊಟ್ಟ ಹಾಗಾಗುತ್ತದೆ. ಬುಶ್, ಬಾಲ್ ಜಾಯಿಂಟ್, ಟ್ರನಿಯನ್ ಕಿಟ್ ಕೊರಿಯರ್‌ನಲ್ಲಿ ಬರಲಿ. ಸ್ಪ್ರಿಂಗ್, ಪಾಟಾ (ಎಲೆ ಸ್ಪ್ರಿಂಗ್) ಇಂಥವನ್ನು ನಾಲ್ಕು ಜನ ಸೇರಿ ಹಡಗಿನಲ್ಲಿ ತರಿಸಿ. ಮರದ ಪೆಟ್ಟಿಗೆ ಆದರೆ ಅದಕ್ಕೆ ಶಾಖ ಸಂಸ್ಕಾರದ ಐಎಸ್‌ಪಿಎಂ 15 ಮುದ್ರೆ ಇರಲೇಬೇಕು, ಇಲ್ಲದಿದ್ದರೆ ಬಂದರಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ.

ಬಹಳ ಮುಖ್ಯವಾದದ್ದು ಬಿಲ್ಲಿನ ಒಕ್ಕಣೆ. ಬಳಸಿದ ಭಾಗಗಳು ನಮ್ಮ ದೇಶಕ್ಕೆ ನಿರ್ಬಂಧಿತ ಆಮದು, ಪರವಾನಗಿ ಬೇಕು. ಸ್ಟ್ಯಾನ್‌ಪಾರ್ಟ್ ಡಬ್ಬಿಯ ಮಾಲು ಹಳೆಯದಾದರೂ ಬಳಸಿದ್ದಲ್ಲ. ಬಿಲ್ಲಿನಲ್ಲಿ ‘ಹಳೆಯ ಟ್ರಯಂಫ್ ಭಾಗ’ ಅಂತಷ್ಟೇ ಬರೆದರೆ ಅಧಿಕಾರಿ ಸೆಕೆಂಡ್ ಹ್ಯಾಂಡ್ ಅಂತಲೇ ತಿಳಿಯುತ್ತಾರೆ. ‘ಹೊಸದು, ಬಳಸದ ದಾಸ್ತಾನು’ ಎಂದು ಪ್ರತಿ ಸಾಲಿನಲ್ಲೂ ಬರೆಸಿ, ಪಾರ್ಟ್ ನಂಬರ್ ಹಾಕಿಸಿ.

ಸಪ್ತಾಪುರ:
ಮೇಲಿನ ಬಾಲ್ ಜಾಯಿಂಟ್ ಬಗ್ಗೆ ಒಂದು ಸೇರ್ಪಡೆ. ಯೂನಿಪಾರ್ಟ್ ಕಾಲದ ನಂಬರ್ ಜಿಎಸ್‌ಜೆ 155. ಈ ನಂಬರ್ ಹಾಕಿದ ಹೊಸ ತಯಾರಿಕೆ ಬೇಕಾದಷ್ಟಿದೆ, ಆದರೆ ನಂಬರ್ ಅಳತೆಯನ್ನು ಹೇಳುತ್ತದೆಯೇ ಹೊರತು ತಯಾರಕರನ್ನಲ್ಲ. ಕೈಯಲ್ಲಿ ಹಿಡಿದು ನೋಡಬೇಕಾದದ್ದು ರಬ್ಬರ್ ಬೂಟು. ಬೆರಳಲ್ಲಿ ಹಿಚುಕಿ ಮಡಚಿ ಬೆಳಕಿಗೆ ಹಿಡಿಯಿರಿ. ಮಡಿಕೆಯಲ್ಲಿ ಸಣ್ಣ ಬಿಳಿ ಗೆರೆ ಕಂಡರೆ ಆ ಬೂಟು ನಮ್ಮ ಬಿಸಿಲಿಗೆ ಬೇಗ ಒಡೆಯುತ್ತದೆ. ಒಡೆದ ಬೂಟಿನಿಂದ ಧೂಳು ಒಳಗೆ ಹೋದರೆ ಗ್ರೀಸ್ ಅರೆಯುವ ಪೇಸ್ಟಿನಂತಾಗಿ ಜಾಯಿಂಟನ್ನೇ ಸವೆಸುತ್ತದೆ. ಬೇರೆ ಬೂಟು ಸಿಕ್ಕರೆ ಅದೊಂದನ್ನೇ ಬದಲಾಯಿಸಿ, ಒಳಗಿನ ಉಕ್ಕು ಚೆನ್ನಾಗಿರಬಹುದು.

ವ್ಹೀಲ್ ಬೇರಿಂಗಿಗೆ ‘ಒರಿಜಿನಲ್’ ಚಿಂತೆ ಬೇಡ. ಟೇಪರ್ ರೋಲರ್ ಬೇರಿಂಗಿನ ನಂಬರ್ ಅದರ ಮೇಲೆಯೇ ಕೊರೆದಿರುತ್ತದೆ. ಅದೇ ನಂಬರ್ ಹೇಳಿ ಯಾವುದೇ ಒಳ್ಳೆಯ ಬೇರಿಂಗ್ ಅಂಗಡಿಯಲ್ಲಿ ಕೊಂಡರೆ ಆಯಿತು. ರೋಲರ್ ಇರುವ ಒಳಭಾಗ, ಹೊರಗಿನ ಉಕ್ಕಿನ ಬಳೆ (ಕಪ್) ಎರಡನ್ನೂ ಒಟ್ಟಿಗೆ ಬದಲಾಯಿಸಿ.

ಬೆಟಗೇರಿ ಲೇಥ್:
ವಿಶ್‌ಬೋನ್ ಬುಶ್ ಪಾಲಿಯುರಿಥೇನ್‌ದು ಹಾಕಿದ್ರ ಛಲೋ ಅಂತೀನ್ರಿ. ಎಣ್ಣಿ ತಾಗಿದ್ರೂ ಉಬ್ಬೂದಿಲ್ಲ, ಬಿಸಿಲಿಗೆ ಸೀಳೂದಿಲ್ಲ, ಪ್ರೆಸ್ ಇಲ್ಲದ ಕೈಲೆ ಕುಂದ್ರಸಬಹುದು. ನವಲಗುಂದ, ಅಣ್ಣಿಗೇರಿ, ರೋಣದ ಕಡೆ ಎರಿ ಮಣ್ಣಿನ್ಯಾಗ ಓಡಸೂ ಗಾಡಿಗೆ ರಬ್ಬರ್ ಬಾಳ ದಿನ ಬರೂದಿಲ್ಲ.

ಹಳೇಗಾಡಿ ಹುಬ್ಬಳ್ಳಿ:
ಆ ಮಾತು ಒಪ್ಪೂದಿಲ್ರಿ ಅಣ್ಣಾರ. ಈ ಬುಶ್ ನಡು ಉಕ್ಕಿನ ಸ್ಲೀವ್, ಅದರ ಸುತ್ತ ರಬ್ಬರ್ ಅಂಟಿಸಿದ್ದು. ವಿಶ್‌ಬೋನ್ ಮ್ಯಾಲೆ ಕೆಳಗ ಆದಾಗ ಯಾವುದೂ ಜಾರೂದಿಲ್ಲ, ರಬ್ಬರ್ ತಾನ ತಿರುಚಿ ಮತ್ತ ಜಾಗಾಕ್ಕ ಬರತೈತಿ. ಒಳಗ ಮಣ್ಣು ಹೋಗೂ ಸಂದ ಇಲ್ಲ. ಪಾಲಿಯುರಿಥೇನ್ ಸ್ಲೀವ್ ಮ್ಯಾಲೆ ಜಾರತೈತಿ, ಆ ಸಂದಿನ್ಯಾಗ ಎರಿ ಮಣ್ಣು ಸೇರಿ ಸ್ಲೀವ್ ಸವಸತೈತಿ, ಕಿರಕಿರ ಅನ್ನಾಕ ಹತ್ತತೈತಿ. ಆವಾಗ ಬಿಚ್ಚಿ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಮತ್ತ ರಬ್ಬರಿಗಿಂತ ಗಟ್ಟಿ ಇರೂದರಿಂದ ರಸ್ತೆ ಹೊಡತ ನೇರ ಚಾಸಿ ಬ್ರಾಕೆಟ್‌ಗೆ ಬರತೈತಿ. ಐವತ್ತು ವರ್ಷದ ಚಾಸಿಗೆ ಅದು ಬ್ಯಾಡ.

ರಬ್ಬರ್ ಲಗೂನ ಹರಿಯೂದಕ್ಕ ಮುಖ್ಯ ಕಾರಣ ಮಣ್ಣಲ್ಲ, ಬೋಲ್ಟ್ ಬಿಗಿ ಮಾಡೂ ಹೊತ್ತು. ಗಾಡಿ ಎತ್ತಿ ಗಾಲಿ ಜೋತು ಬಿದ್ದಾಗ ಬೋಲ್ಟ್ ಬಿಗಿ ಮಾಡಿಬಿಡತಾರ. ಆವಾಗ ಸ್ಲೀವ್ ಅದ ಕೋನದಾಗ ಹಿಡಕೊಂಡತು. ಗಾಡಿ ಕೆಳಗ ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡ ನಿಂತಿರತೈತಿ, ಅದರ ಮ್ಯಾಲೆ ಹಳ್ಳ ಬಂದಾಗ ಇನ್ನಷ್ಟು ತಿರುಚತೈತಿ, ಹರೀತೈತಿ. ನಟ್ಟು ಸಡಿಲ ಬಿಟ್ಟು ಗಾಡಿ ನೆಲಕ್ಕ ಇಳಸ್ರಿ, ಸೀಟಿನ್ಯಾಗ ಇಬ್ಬರನ್ನ ಕುಂದ್ರಸ್ರಿ, ಹಿಂದ ಮುಂದ ಸ್ವಲ್ಪ ಉರುಳಸ್ರಿ, ಆಮ್ಯಾಲೆ ಕೊನೀ ಬಿಗಿ ಮಾಡ್ರಿ. ಹಾಕೂಮುಂದ ಸಾಬೂನ ನೀರು ಹಚ್ಚರಿ. ಎಂಜಿನ್ ಎಣ್ಣಿ, ಗ್ರೀಸ್ ಹಚ್ಚಿದ್ರ ರಬ್ಬರ್ ಉಬ್ಬಿ ಮೆತ್ತಗ ಆಕ್ಕತಿ.

ಬೆಟಗೇರಿ ಲೇಥ್:
ಬಿಗಿ ಮಾಡೂ ಹೊತ್ತಿನ ಮಾತು ಖರೆ, ಅದನ್ನ ಒಪ್ಪತೀನಿ. ಎರಿ ಹೊಲದ ರಸ್ತೆಗೆ ಪಾಲಿನ ಛಲೋ ಅನ್ನೂದನ್ನ ಬಿಡೂದಿಲ್ಲ. ಡಾಂಬರ್ ಮ್ಯಾಲೆ ಅಷ್ಟ ಓಡೂ ಗಾಡಿಗೆ ರಬ್ಬರ್ ಹಾಕ್ರಿ.

ಸಪ್ತಾಪುರ:
ಕಾಯಿಲ್ ಸ್ಪ್ರಿಂಗ್ ಇಲ್ಲಿ ಮಾಡಿಸಬಹುದು, ಆದರೆ ‘ಇದರ ಹಾಗೆ ಒಂದು ಸುತ್ತಿಕೊಡಿ’ ಅಂದರೆ ಆಗದು. ಹಳೆಯ ಸ್ಪ್ರಿಂಗ್ ಕುಸಿದಿರುತ್ತದೆ, ಅದರ ಉದ್ದ ನಂಬುವಂತಿಲ್ಲ. ನಂಬಬಹುದಾದದ್ದು ತಂತಿಯ ದಪ್ಪ, ಸುತ್ತಿನ ವ್ಯಾಸ, ಸುತ್ತುಗಳ ಸಂಖ್ಯೆ. ಸ್ವತಂತ್ರ ಉದ್ದವನ್ನು (ಭಾರ ಇಲ್ಲದಾಗಿನ ಉದ್ದ) ಮ್ಯಾನುಯಲ್‌ನಿಂದ ತೆಗೆದುಕೊಳ್ಳಿ.

ಸ್ಪ್ರಿಂಗಿನ ಬಿಗುವು ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ, ಸುತ್ತಿನ ವ್ಯಾಸದ ಮೂರನೇ ಘಾತಕ್ಕೆ ಇಳಿಯುತ್ತದೆ, ಕೆಲಸ ಮಾಡುವ ಸುತ್ತುಗಳ ಸಂಖ್ಯೆ ಹೆಚ್ಚಿದಷ್ಟೂ ಕಡಿಮೆಯಾಗುತ್ತದೆ. ಲೆಕ್ಕ ಹಾಕುವುದಾದರೆ ಉಕ್ಕಿನ ಜಿ (ತಿರುಚುವುದಕ್ಕೆ ಉಕ್ಕು ಒಡ್ಡುವ ಬಿಗುವಿನ ಅಂಕಿ) ಸುಮಾರು 79,000 ನ್ಯೂಟನ್ ಪ್ರತಿ ಚದರ ಮಿಮೀ. ಅದನ್ನು ದಪ್ಪದ ನಾಲ್ಕನೇ ಘಾತದಿಂದ ಗುಣಿಸಿ, ಸರಾಸರಿ ವ್ಯಾಸದ ಘನ, ಸುತ್ತುಗಳು ಮತ್ತು 8 ಇವುಗಳ ಗುಣಲಬ್ಧದಿಂದ ಭಾಗಿಸಿ. ಬಂದದ್ದು ನ್ಯೂಟನ್ ಪ್ರತಿ ಮಿಮೀ. ಮ್ಯಾನುಯಲ್ ಪೌಂಡ್ ಪ್ರತಿ ಇಂಚಿನಲ್ಲಿ ಹೇಳಿದ್ದರೆ 0.175ರಿಂದ ಗುಣಿಸಿಕೊಳ್ಳಿ.

ಉದಾಹರಣೆಗೆ, ಬೇಕಾದದ್ದು 11.5 ಮಿಮೀ ತಂತಿ, ಅಂಗಡಿಯಲ್ಲಿ ಇದ್ದದ್ದು 12 ಮಿಮೀ ಅಂದುಕೊಳ್ಳಿ. ಅರ್ಧ ಮಿಮೀ ಅಷ್ಟೇ ತಾನೇ ಅನ್ನುತ್ತಾರೆ. ಬಿಗುವು ಸುಮಾರು 18.6% ಹೆಚ್ಚಾಗುತ್ತದೆ. ಆದ್ದರಿಂದ ಹಳೆಯ ತಂತಿಯ ಬಣ್ಣ, ತುಕ್ಕು ಪೂರ್ತಿ ತೆಗೆದು ವರ್ನಿಯರ್‌ನಲ್ಲಿ ನಾಲ್ಕಾರು ಕಡೆ ಅಳೆಯಿರಿ. ಬಣ್ಣದ ಮೇಲೆ ಅಳೆದರೇ 0.2, 0.3 ಮಿಮೀ ತಪ್ಪು ಬರುತ್ತದೆ.

ಉಕ್ಕು ಇಎನ್ 47 (ಸ್ಪ್ರಿಂಗ್ ಉಕ್ಕಿನ ಒಂದು ದರ್ಜೆ) ಕೇಳಿ. ಸುತ್ತಿದ ಮೇಲೆ ಹಾರ್ಡನಿಂಗ್, ಟೆಂಪರಿಂಗ್, ಶಾಟ್ ಪೀನಿಂಗ್ (ಸಣ್ಣ ಉಕ್ಕಿನ ಗುಂಡುಗಳನ್ನು ಮೇಲ್ಮೈಗೆ ಹೊಡೆಯುವುದು), ಕೊನೆಗೆ ಸ್ಕ್ರ್ಯಾಗಿಂಗ್, ಅಂದರೆ ಸುತ್ತಿಗೆ ಸುತ್ತು ತಾಗುವವರೆಗೆ ಕೆಲವು ಸಲ ಒತ್ತಿ ಬಿಡುವುದು. ಅದನ್ನು ಮಾಡದ ಸ್ಪ್ರಿಂಗ್ ಗಾಡಿಗೆ ಹಾಕಿದ ಮೇಲೆ ಕುಸಿಯುತ್ತದೆ. ಶಾಟ್ ಪೀನಿಂಗ್ ಬಿಟ್ಟರೆ ಬೇಗ ಮುರಿಯುತ್ತದೆ. ಇಷ್ಟೂ ಒಂದೇ ಕಡೆ ಇಲ್ಲದವರ ಹತ್ತಿರ ಮಾಡಿಸಬೇಡಿ, ತರಿಸಿಬಿಡಿ. ಹೇಗೂ ಜೋಡಿಯಾಗಿಯೇ ಬದಲಾಯಿಸಬೇಕು.

ಹಾವೇರಿ 27:
ಹಿಂದಿನ ಪಾಟಾ ಬಗ್ಗೆ ಯಾರೂ ಹೇಳಲಿಲ್ಲ. ಸ್ಪಿಟ್‌ಫೈರ್ ಹಿಂದೆ ಡಿಫರೆನ್ಶಿಯಲ್ ಮೇಲೆ ಅಡ್ಡ ಪಾಟಾ ಕೂತಿರುತ್ತದೆ. ಕುಸಿದರೆ ಹಿಂದಿನ ಗಾಲಿಗಳ ತಲೆ ಒಳಕ್ಕೆ ವಾಲುತ್ತದೆ. ಹುಬ್ಬಳ್ಳಿ ಲಾರಿಗಳ ಊರು, ಪಾಟಾ ಕೆಲಸದವರಿಗೆ ಕೊರತೆಯಿಲ್ಲ. ಕಮಾನು ಏರಿಸಿಕೊಡುತ್ತಾರೆ.

ಹಳೇಗಾಡಿ ಹುಬ್ಬಳ್ಳಿ:
ಏರಿಸಿಕೊಡತಾರ, ಆದ್ರ ಹೆಂಗ ಏರಿಸತಾರ ನಿಂತು ನೋಡ್ರಿ. ಗ್ಯಾಸ್ ಕಟರ್‌ಲೆ ನಡುವ ಕೆಂಪಗ ಕಾಸಿ ಸುತ್ತಿಗಿಲೆ ಬಡದ್ರ ಆ ಜಾಗಾದ ಟೆಂಪರ್ ಹೋತು, ವಾರದಾಗ ಮತ್ತ ಕೆಳಗ. ತಣ್ಣಗಿದ್ದಾಗಲೇ ಪ್ರೆಸ್ಸಿನ್ಯಾಗ ಒಂದೊಂದ ಎಲಿ ಸ್ವಲ್ಪ ಸ್ವಲ್ಪ ಬಗ್ಗಿಸಿ ತರಬೇಕು. ಇಲ್ಲಾ ಇಡೀ ಎಲಿ ಭಟ್ಟಿಗೆ ಹಾಕಿ ಎಣ್ಣ್ಯಾಗ ಅದ್ದಿ ಮತ್ತ ಟೆಂಪರ್ ಮಾಡಬೇಕು. ಎಲಿಗಳ ನಡುವ ಸಣ್ಣ ರಬ್ಬರ್ ಗುಂಡಿ ಇರತಾವ, ಬಿಚ್ಚೂಮುಂದ ಕಳಕೋಬ್ಯಾಡ್ರಿ, ಲಾರಿ ಪಾಟಾಕ್ಕ ಅವು ಇರೂದಿಲ್ಲ, ಹಂಗಾಗಿ ತಗದು ಒಗದುಬಿಡತಾರ. ವಾಪಸ್ ಕುಂದ್ರಿಸಿದ ಮ್ಯಾಲೆ ಗಾಡಿ ಇಳಿಸಿದಾಗ ಹಿಂದಿನ ಗಾಲಿ ಕಾಲು ಮಡಚಿದಂಗ ನಿಲ್ಲತಾವ. ಅದು ಪಾಟಾ ದೋಷ ಅಲ್ಲ, ಹತ್ತು ಮಾರು ಮುಂದ ಉರುಳಿಸಿದ್ರ ಜಾಗಾಕ್ಕ ಬರತಾವ. ಎತ್ತರ ಅಳಿಯೂದು ಆಮ್ಯಾಲೆ.

ಉಣಕಲ್ 25:
ಬಲಬದಿ ಲಿಂಕಿನ ಪರೀಕ್ಷೆ ಆಯಿತು. ಥ್ರೆಡ್ ಬುಡದಲ್ಲಿ ಅಡ್ಡ ಗೆರೆ ಕಂಡಿದೆ. ಎರಡೂ ಹೊಸದೇ ತರಿಸುವುದು ಅಂತ ನಿರ್ಧಾರ. ಜೋಡಿಸುವಾಗ ಗಮನಿಸಬೇಕಾದದ್ದು ತಿಳಿಸಿ.

ಸಪ್ತಾಪುರ:
ಆ ಲಿಂಕನ್ನು ಗುಜರಿಗೆ ಹಾಗೇ ಹಾಕಬೇಡಿ, ಥ್ರೆಡ್ ಗರಗಸದಲ್ಲಿ ಕೊಯ್ದು ಹಾಕಿ. ಬಣ್ಣ ಬಳಿದು ಮತ್ತೊಬ್ಬರಿಗೆ ಮಾರಾಟವಾಗಬಾರದು.

ಹಳೇಗಾಡಿ ಹುಬ್ಬಳ್ಳಿ:
ಶಾಕ್ ಮತ್ತ ಸ್ಪ್ರಿಂಗ್ ಒಂದ ಯೂನಿಟ್ ಆಗಿ ಹೊರಗ ಬರತಾವ. ಮ್ಯಾಲಿನ ಪ್ಲೇಟಿನ ಮೂರು ನಟ್ಟು, ಕೆಳಗಿನ ಬೋಲ್ಟ್, ಅಷ್ಟ. ನಡುವಿನ ನಟ್ಟು ಮುಟ್ಟಬ್ಯಾಡ್ರಿ, ಅದನ್ನ ಬಿಚ್ಚಿದ್ರ ಒತ್ತಿ ಹಿಡದ ಸ್ಪ್ರಿಂಗ್ ಹಾರಿ ಮಾರಿಗೆ ಬಡೀತೈತಿ. ಸ್ಪ್ರಿಂಗ್ ಕಂಪ್ರೆಸರ್ ಎರಡೂ ಬದಿ ಹಾಕಿ, ಸರಿಸಮ ಬಿಗಿ ಮಾಡಿ, ಸ್ಪ್ರಿಂಗ್ ಕೈಲೆ ಅಲುಗೂ ಹಂಗ ಆದ ಮ್ಯಾಲೆ ಆ ನಟ್ಟು.

ಕೆಳಗಿನ ವಿಶ್‌ಬೋನ್ ಬ್ರಾಕೆಟ್ ಮತ್ತ ಚಾಸಿ ನಡುವ ತೆಳು ಶಿಮ್ (ಅಂತರ ತುಂಬೂ ತಗಡು) ಇರತಾವ. ಗಾಲಿ ಕ್ಯಾಂಬರ್ (ಗಾಲಿ ತಲಿ ಒಳಕ್ಕ ಹೊರಕ್ಕ ವಾಲೂದು) ನಿಂತಿರೂದ ಅವುಗಳ ಮ್ಯಾಲೆ. ಮುಂದಿನ ಬ್ರಾಕೆಟ್‌ನ್ಯಾಗ ಎಷ್ಟು, ಹಿಂದಿಂದರಾಗ ಎಷ್ಟು, ಬ್ಯಾರೆ ಬ್ಯಾರೆ ತಂತಿಗೆ ಪೋಣಿಸಿ ಚೀಟಿ ಕಟ್ಟರಿ. ಕಲಸಿಹೋದ್ರ ಅಲೈನ್‌ಮೆಂಟ್‌ದಾಗ ಅರ್ಧ ದಿನ ಹೋಗತೈತಿ.

ಟ್ರನಿಯನ್: ಥ್ರೆಡ್ಡಿಗೆ ಎಣ್ಣಿ ಹಚ್ಚಿ, ಮ್ಯಾಲಿನ ರಬ್ಬರ್ ಸೀಲ್ ಮರೀದ ಹಾಕಿ, ಪೂರಾ ಕೊನೀತನಕ ತಿರುವರಿ. ಆಮ್ಯಾಲೆ ಟ್ರನಿಯನ್ ಬೋಲ್ಟಿನ ತೂತು ವಿಶ್‌ಬೋನ್ ತೂತಿಗೆ ಸರಿ ಬರೂ ಮೊದಲನೇ ಜಾಗಾತನಕ ಹಿಂದ ತಿರುವರಿ, ಒಂದು ಸುತ್ತಿನ ಒಳಗ ಬರತೈತಿ. ಕೊನೀ ಬಿಗೀಲೇ ಬಿಟ್ರ ಒಂದು ಬದಿಗೆ ಸ್ಟೇರಿಂಗ್ ಪೂರಾ ತಿರಗೂದಿಲ್ಲ, ಜೋರು ಮಾಡಿದ್ರ ಲಿಂಕಿನ ಮ್ಯಾಲೇ ಒತ್ತಡ. ಬಾಳ ಹಿಂದ ತಂದ್ರ ಹಿಡಿಯೂ ಥ್ರೆಡ್ ಕಡಿಮಿ. ಜೋಡಿಸಿ ಆದ ಮ್ಯಾಲೆ ಎರಡೂ ಬದಿಗೆ ಲಾಕ್‌ತನಕ ತಿರುವಿ ನೋಡ್ರಿ.

ಎಣ್ಣಿ: ಗ್ರೀಸ್ ಅಲ್ಲ, ಇಪಿ 90 ಗಿಯರ್ ಎಣ್ಣಿ. ಗ್ರೀಸ್ ಥ್ರೆಡ್ಡಿನ ಬುಡಕ್ಕ ಇಳಿಯೂದಿಲ್ಲ, ಒಣಗಿ ದಾರಿ ಮುಚ್ಚತೈತಿ, ಆಮ್ಯಾಲೆ ಎಣ್ಣಿನೂ ಹೋಗೂದಿಲ್ಲ. ನಿಮ್ಮ ಎಡಬದಿಯೊಳಗ ಕಂಡಿದ್ದು ಅದ. ಟ್ರನಿಯನ್ನಿನ ಪ್ಲಗ್ ತಗದು ನಿಪ್ಪಲ್ ಹಾಕಿ, ಗ್ರೀಸ್ ಗನ್ನಿನ್ಯಾಗ ಎಣ್ಣಿ ತುಂಬಿ, ಮ್ಯಾಲಿನ ಸೀಲ್ ಕಡೆಯಿಂದ ಹೊಸ ಎಣ್ಣಿ ಜಿನುಗೂತನಕ ಒತ್ತರಿ. ಗನ್ ಇದಕ್ಕಂತ ಬ್ಯಾರೇನ ಇಡ್ರಿ. ಮಳಿಗಾಲಕ್ಕ ಮೊದಲೊಮ್ಮೆ, ಮುಗಿದ ಮ್ಯಾಲೊಮ್ಮೆ ತಪ್ಪಸಬ್ಯಾಡ್ರಿ, ನೀರು ಒಳಗ ಹೋಗೂದ ಆ ಸೀಲಿನ ಗುಂಟ.

ಸಪ್ತಾಪುರ:
ಎಣ್ಣೆ ಡಬ್ಬಿಯ ಮೇಲೆ ಜಿಎಲ್ 4 (ಗಿಯರ್ ಎಣ್ಣೆಯ ದರ್ಜೆ) ಅಂತ ಇರುವುದನ್ನು ಆರಿಸಿ. ಜಿಎಲ್ 5 ಎಣ್ಣೆಯಲ್ಲಿ ಗಂಧಕದ ಅಂಶ ಹೆಚ್ಚು, ಕೆಲವು ಬಗೆ ಕಂಚನ್ನು ತಿನ್ನುತ್ತವೆ.

ಬೆಟಗೇರಿ ಲೇಥ್:
ಬಾಲ್ ಜಾಯಿಂಟ್ ಟೇಪರ್ ಒಳಗ ಗ್ರೀಸ್ ಹಚ್ಚಬ್ಯಾಡ್ರಿ, ಒಣಗಿದ್ದ ಇರಬೇಕು. ನಟ್ಟು ಬಿಗಿ ಮಾಡೂಮುಂದ ಪಿನ್ ಜೋಡಿ ತಿರಗಾಕತ್ತಿದ್ರ ಕೆಳಗಿಂದ ಜಾಕ್‌ಲೆ ಸ್ವಲ್ಪ ಒತ್ತಿ ಹಿಡೀರಿ, ಟೇಪರ್ ಕಚ್ಚಿಕೊಳ್ಳತೈತಿ.

ಉಣಕಲ್ 25:
ಆರ್ಡರ್ ಪಟ್ಟಿ ಹೀಗಿದೆ: ವರ್ಟಿಕಲ್ ಲಿಂಕ್ ಎಡ 1, ಬಲ 1, ಟ್ರನಿಯನ್ ಎಡ 1, ಬಲ 1, ಟ್ರನಿಯನ್ ಬುಶ್ ಕಿಟ್ 2, ಟ್ರನಿಯನ್ ಬೋಲ್ಟ್ ಮತ್ತು ನೈಲಾಕ್ 2, ಜಿಎಸ್‌ಜೆ 155 ಎರಡು, ರಬ್ಬರ್ ವಿಶ್‌ಬೋನ್ ಬುಶ್ 8, ಸ್ಪ್ರಿಂಗ್ 2, ಶಾಕ್ 2. ಬೇರಿಂಗ್ ಇಲ್ಲೇ. ಬಿಟ್ಟುಹೋದದ್ದು ಏನಾದರೂ ಇದೆಯೇ?

ಹಾವೇರಿ 27:
ಟ್ರನಿಯನ್ನಿನ ಮೇಲಿನ ರಬ್ಬರ್ ಸೀಲ್ 2 ಸೇರಿಸಿ, ಕಿಟ್‌ನಲ್ಲಿ ಇದೆಯಾ ಅಂತ ಕೇಳಿ. ಶಾಕಿನ ಕೆಳಗಿನ ಬೋಲ್ಟ್ 2, ಸ್ಪ್ರಿಂಗಿನ ಮೇಲಿನ ರಬ್ಬರ್ ಪ್ಯಾಡ್ 2. ಶಿಮ್ ನಾಲ್ಕಾರು ಹೆಚ್ಚಿಗೆ ಹಾಕಿಸಿ, ಹೊಸ ಬುಶ್ ಕೂತ ಮೇಲೆ ಕ್ಯಾಂಬರ್ ಬದಲಾಗುತ್ತದೆ, ಆಗ ಒಂದು ಶಿಮ್‌ಗಾಗಿ ಮತ್ತೊಂದು ಕೊರಿಯರ್ ಬೇಡ.

ಹಳೇಗಾಡಿ ಹುಬ್ಬಳ್ಳಿ:
ಅಲೈನ್‌ಮೆಂಟ್ ಕೂಡಲೇ ಮಾಡಿಸಬ್ಯಾಡ್ರಿ. ಟೋ (ಮ್ಯಾಲಿಂದ ನೋಡಿದಾಗ ಮುಂದಿನ ಗಾಲಿ ಒಳಕ್ಕ ಹೊರಕ್ಕ ತಿರುಗಿರೂದು) ಕಣ್ಣಳತಿಲೆ ನೇರ ಇಟ್ಟು ಹುಬ್ಬಳ್ಳಿ ಧಾರವಾಡ ನಡುವ ನಿಧಾನ ಓಡಸ್ರಿ, ಸ್ಪ್ರಿಂಗ್ ಕುಂದ್ರಲಿ, ಬುಶ್ ಕುಂದ್ರಲಿ. 500 ಕಿಮೀ ಆದ ಮ್ಯಾಲೆ ಎಲ್ಲಾ ನಟ್ಟು ಟಾರ್ಕ್ ರೆಂಚ್‌ಲೆ ಮತ್ತೊಮ್ಮೆ ನೋಡಿ ಆಮ್ಯಾಲೆ ಅಲೈನ್‌ಮೆಂಟ್. ಮೊದಲ ಕ್ಯಾಂಬರ್, ಆಮ್ಯಾಲೆ ಟೋ. ಶಿಮ್ ಬದಲಿ ಮಾಡಿದ್ರ ಟೋನೂ ಸರೀತೈತಿ.